ಬಳ್ಳಾರಿಯಲ್ಲಿ ತಂಗಿದ ಟಪಾಲು

ನಮ್ಮಜ್ಜನಿಗೆ ರೇಡಿಯೊ ಜೊತೆ ಜಗಳ ಆಡುವ ಚಟವಿತ್ತು. ಮಳೆ ಬರುವ ಸಂಭವವಿದೆ ಎಂದು ಧಾರವಾಡ ಕೇಂದ್ರದವರು ಹೇಳಿದರೆ "ಯಾವೂರಾಗಪಾ?" ಎಂದು ಕೇಳುವುದು, ಹತ್ತಿ ಧಾರಣೆ ಓದಿದರೆ "ಆ ರೇಟು ಯಾವ ಅಡತಿ ಅಂಗಡ್ಯಾಗ ಕೊಟ್ರು, ಹೆಸರು ಹೇಳು" ಎಂದು ದಬಾಯಿಸುವುದು. ರೇಡಿಯೊ ತಿರುಗಿ ಮಾತಾಡುತ್ತಿರಲಿಲ್ಲವಾದ್ದರಿಂದ ಗೆಲುವು ಯಾವಾಗಲೂ ಅಜ್ಜನದೇ.

1982ರಲ್ಲಿ, ಅಂದರೆ ಡೆಲ್ಲಿಯಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ, ಒಂದು ಸಂಜೆ ಹೀಗೇ ಕಟ್ಟೆಯ ಮೇಲೆ ಕೂತಿದ್ದೆವು. ದಸರೆಗೆ ಮೊದಲೋ ಆಮೇಲೋ ಈಗ ನೆನಪಿಲ್ಲ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಇದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಬಜ್ಜಿಯ ಖಾರಕ್ಕೆ ನನ್ನ ಮೂಗು ಸೋರುತ್ತಿತ್ತು, ಅಜ್ಜಿ "ಬೀಜ ತೆಗದು ತಿನ್ನೋ" ಎಂದು ಬೈಯುತ್ತಿದ್ದಳು. ಪಕ್ಕದ ಮನೆಯ ನಿವೃತ್ತ ಮಾಸ್ತರರೂ ಬಂದಿದ್ದರು. ಬಜ್ಜಿಯ ವಾಸನೆ ಬಂದ ದಿನ ಅವರು ತಪ್ಪದೆ ಬರುತ್ತಿದ್ದರು.

ವಾರ್ತೆಯಲ್ಲಿ ಒಂದು ಸುದ್ದಿ ಬಂತು. 78 ವರ್ಷದ ಜೆ.ಆರ್.ಡಿ. ಟಾಟಾ ಅವರು ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನವನ್ನು ತಾವೇ ನಡೆಸಿಕೊಂಡು ಕರಾಚಿಯಿಂದ ಬೊಂಬಾಯಿಗೆ ಬಂದಿಳಿದರಂತೆ. 50 ವರ್ಷದ ಹಿಂದೆ ಇದೇ ದಾರಿಯಲ್ಲಿ ಟಪಾಲು ಹೊತ್ತುಕೊಂಡು ಬಂದಿದ್ದರ ನೆನಪಿಗೆ. ಮಾಸ್ತರರು "ಭಲೆ!" ಅಂದರು. ಅಜ್ಜ ಮಾತ್ರ ರೇಡಿಯೊ ಕಡೆ ಬೆರಳು ಮಾಡಿ, "ಬೊಂಬಾಯಿತನಕ ತಂದಾಂವನ ಹೆಸರು ಎಲ್ಲಾರೂ ಹೇಳ್ತಾರ. ಬೊಂಬಾಯಿಂದ ಬಳ್ಳಾರಿಗೆ ತಂದಾಂವ ಯಾರು? ಅದನ್ನ ಹೇಳಂಗಿಲ್ಲ ನೋಡು ಇವ್ರು" ಅಂದ.

ನಾವು ನಕ್ಕೆವು. ಬಳ್ಳಾರಿಗೂ ವಿಮಾನಕ್ಕೂ ಏನು ಸಂಬಂಧ? ಅಜ್ಜ ಬಜ್ಜಿಯ ತಟ್ಟೆ ಸರಿಸಿ, ಕಾಲು ಮಡಚಿಕೊಂಡು ಶುರು ಮಾಡಿದ.

ಆಗ ಅವನಿಗೆ ಹತ್ತೋ ಹನ್ನೊಂದೋ ವರ್ಷ. ಅವನಪ್ಪ, ಅಂದರೆ ನಮ್ಮ ಮುತ್ತಜ್ಜ, ಗಾಡಿಯಲ್ಲಿ ಶೇಂಗಾ ಹೇರಿಕೊಂಡು ಬಳ್ಳಾರಿಗೆ ಹೊರಟಾಗ ಇವನೂ ಹಟ ಮಾಡಿ ಹತ್ತಿದ್ದ. ಶೀಗಿ ಹುಣ್ಣಿಮೆ ಮುಗಿದ ಮರುದಿನ. ಹೊಲದಲ್ಲಿ ಚರಗ ಚೆಲ್ಲಿ ಉಳಿದಿದ್ದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ನಾಲ್ಕು ಕರ್ಜಿಕಾಯಿ ಬುತ್ತಿಗಂಟಿನಲ್ಲಿ ಇದ್ದವು. ಈ ಬುತ್ತಿಯ ವರ್ಣನೆಗೇ ಅಜ್ಜ ಅರ್ಧ ತಾಸು ತೆಗೆದುಕೊಂಡ. ವಿಮಾನ ಇನ್ನೂ ಬಂದೇ ಇರಲಿಲ್ಲ, ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕೆಂಬ ಬಗ್ಗೆ ಅಜ್ಜಿಗೂ ಅವನಿಗೂ ಒಂದು ಸುತ್ತು ಆಗಿಹೋಯಿತು.

ಎಷ್ಟೋ ವರ್ಷಗಳ ಮೇಲೆ, ಅಜ್ಜ ತೀರಿಕೊಂಡ ನಂತರ, ನಾನು ಹಳೆಯ ಪಂಚಾಂಗದ ಲೆಕ್ಕ ತೆಗೆಸಿ ನೋಡಿದೆ. 1932ರ ಶೀಗಿ ಹುಣ್ಣಿಮೆ ಬಿದ್ದದ್ದು ಅಕ್ಟೋಬರ್ 14ಕ್ಕೆ. ಟಾಟಾ ಅವರು ಕರಾಚಿಯಿಂದ ಟಪಾಲು ತಂದದ್ದು 15ರ ಶನಿವಾರ. ಹೊಟ್ಟೆಗೆ ಸಂಬಂಧಪಟ್ಟ ವಿಷಯದಲ್ಲಿ ಅಜ್ಜನ ನೆನಪು ತಪ್ಪುತ್ತಿರಲಿಲ್ಲ.

ಶೇಂಗಾ ಇಳಿಸಿ, ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತಾಗ ಯಾರೋ ಬಂದು "ಆಕಾಶದಾಗ ಟಪಾಲು ಬರ್ತೈತಂತ" ಅಂದರಂತೆ. ಎತ್ತು ಬಿಚ್ಚಿದವರು ಬಿಚ್ಚಿದಲ್ಲೇ ಬಿಟ್ಟು ಊರಾಚೆಯ ಬಯಲಿಗೆ ನಡೆದರು. ಮಧ್ಯಾಹ್ನದ ಬಿಸಿಲು. ಬಳ್ಳಾರಿ ಬಿಸಿಲಿನ ಬಗ್ಗೆ ಗೊತ್ತಿರುವವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ಉಪಯೋಗವಿಲ್ಲ. ಕೋಟೆ ಇರುವ ಗುಡ್ಡದ ಬಂಡೆ ದಿನವೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ಊರಿಗೆ ಹಂಚುತ್ತದೆ. ಹಿಂಗಾರಿ ಮೋಡ ಅಲ್ಲೊಂದು ಇಲ್ಲೊಂದು ಇತ್ತಂತೆ. ಕಾದರು, ಕಾದರು. ಕೆಲವರು ಬೇಸತ್ತು ಮನೆಗೆ ಹೋದರು. ಹೊತ್ತು ಮುಳುಗುವ ಸಮಯಕ್ಕೆ ಪಡುವಣ ದಿಕ್ಕಿನಿಂದ ಸಪ್ಪಳ ಕೇಳಿಸಿತು.

"ಹೆಂಗಿತ್ತಜ್ಜ ಸಪ್ಪಳ?"

"ಹಿಟ್ಟಿನ ಗಿರಣಿ ಎದ್ದು ನಡಕೊಂತ ಬಂದಂಗ ಇತ್ತಲೇ ತಮ್ಮಾ."

ವಿಮಾನ ಒಂದು ಸುತ್ತು ಹಾಕಿ ಇಳಿಯಿತು. ಅದರ ಬಣ್ಣದ ವಿಚಾರದಲ್ಲಿ ಅಜ್ಜನ ಮಾತು ನಂಬುವ ಹಾಗಿಲ್ಲ. ಒಮ್ಮೆ ಕೆಂಪು, ಒಮ್ಮೆ ಬೆಳ್ಳಿ. ಒಳಗಿಂದ ಇಳಿದವನು ಒಬ್ಬ ಬಿಳಿ ಸಾಹೇಬ, ಆರಡಿ ಎತ್ತರ. ಅಜ್ಜನ ಕಥೆಗಳಲ್ಲಿ ಎಲ್ಲ ಸಾಹೇಬರೂ ಆರಡಿಯವರೇ. ಸಾಹೇಬನಿಗೆ ಯಾರೋ ಒಂದು ಚೆಂಬು ಮಜ್ಜಿಗೆ ಕೊಟ್ಟರು, ಅವನು ಗಟಗಟ ಕುಡಿದು ಮೀಸೆ ಒರೆಸಿಕೊಂಡ ಎಂಬುದೂ ಕಥೆಯಲ್ಲಿತ್ತು. ಆ ಮಜ್ಜಿಗೆ ಪ್ರತಿ ಸಲ ಬೇರೆ ಬೇರೆ ಮನೆಯಿಂದ ಬರುತ್ತಿತ್ತಾದ್ದರಿಂದ ಅದನ್ನು ನಾನು ಬಿಟ್ಟುಬಿಡುತ್ತೇನೆ. ಅವನಿಗೆ ಮೀಸೆ ಇತ್ತೋ ಇಲ್ಲವೋ ಅದನ್ನೂ ಬಿಡೋಣ.

ಬಿಡಲಾಗದ ಸಂಗತಿಯೆಂದರೆ ಆ ಸಾಹೇಬ ನಿಜ. ಅವನ ಹೆಸರು ನೆವಿಲ್ ವಿನ್ಸೆಂಟ್. ಹಿಂದೆ ಬ್ರಿಟಿಷ್ ವಾಯುಪಡೆಯಲ್ಲಿದ್ದ ದಕ್ಷಿಣ ಆಫ್ರಿಕಾದವನು. ಆ ರಾತ್ರಿ ಅವನು ತಂಗಿದ್ದು ಬಳ್ಳಾರಿಯಲ್ಲೇ. ಮುಂದೆ ಮದ್ರಾಸಿಗೆ ಹೋಗಬೇಕಿತ್ತು, ಕತ್ತಲಾಯಿತು. ಹುಣ್ಣಿಮೆ ಮರುದಿನದ ಚಂದ್ರ ಮೇಲೇರುವ ರಾತ್ರಿ ನಿಜ, ಆದರೆ ದಾರಿಯಲ್ಲಿ ದೀಪವಿಲ್ಲ, ವಿಮಾನದಲ್ಲಿ ರೇಡಿಯೊ ಇಲ್ಲ. ಕೆಳಗೆ ಕಾಣುವ ಹೊಳೆ, ರೈಲುಹಳಿ, ಗುಡ್ಡ ನೋಡಿಕೊಂಡೇ ಹಾರುವ ಕಾಲ ಅದು. ಮರುದಿನ ಭಾನುವಾರ ಅವನು ಮದ್ರಾಸು ಮುಟ್ಟಿಸಿದ.

ಇನ್ನು ಬೊಂಬಾಯಿತನಕ ತಂದವರ ಕಥೆ. ಇದನ್ನು ಆ ಸಂಜೆ ಮಾಸ್ತರರು ಅಷ್ಟಿಷ್ಟು ಹೇಳಿದರು, ಉಳಿದದ್ದು ನಾನು ಆಮೇಲೆ ಓದಿ ತಿಳಿದದ್ದು. ಯಾವುದು ಎಲ್ಲಿಯದು ಎಂದು ಈಗ ಬೇರ್ಪಡಿಸಲು ಆಗದು.

ಜೆ.ಆರ್.ಡಿ. ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ತಾಯಿ ಫ್ರೆಂಚರು. ಬೇಸಿಗೆಗೆ ಮನೆಯವರೆಲ್ಲ ಫ್ರಾನ್ಸಿನ ಉತ್ತರ ಕರಾವಳಿಯ ಹಾರ್ಡೆಲೊ ಎಂಬ ಊರಿಗೆ ಹೋಗುತ್ತಿದ್ದರು. ಅಲ್ಲಿ ನೆರೆಯವರು ಯಾರು? 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊಟ್ಟಮೊದಲು ದಾಟಿದ ಲೂಯಿ ಬ್ಲೇರಿಯೊ! ಆತನ ವಿಮಾನಗಳು ಸಮುದ್ರದಂಡೆಯ ಮರಳ ಮೇಲೇ ಇಳಿಯುತ್ತಿದ್ದವು. ಅದನ್ನು ನೋಡುತ್ತ ಬೆಳೆದ ಹುಡುಗನ ತಲೆ ಬೇರೆ ಕಡೆ ತಿರುಗುವುದುಂಟೆ? 1929ರ ಫೆಬ್ರವರಿಯಲ್ಲಿ ಬೊಂಬಾಯಿಯ ಫ್ಲೈಯಿಂಗ್ ಕ್ಲಬ್‌ನಲ್ಲಿ ಕಲಿತು ಪೈಲಟ್ ಲೈಸೆನ್ಸ್ ಪಡೆದರು. ಲೈಸೆನ್ಸ್ ನಂಬರ್ 1.

ಆ ಕಾಲದ ಹುಚ್ಚು ಇಂದಿನವರಿಗೆ ಅರ್ಥವಾಗುವುದು ಕಷ್ಟ. ಮೊದಲ ಮಹಾಯುದ್ಧ ಮುಗಿದಾಗ ವಿಮಾನ ಎಂದರೆ ಬಟ್ಟೆ, ಕಟ್ಟಿಗೆ, ತಂತಿ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಅಂಥದ್ದೇ ಒಂದರಲ್ಲಿ ಅಟ್ಲಾಂಟಿಕ್ ದಾಟಿ ಐರ್ಲೆಂಡಿನ ಕೆಸರುಭೂಮಿಯಲ್ಲಿ ಮೂಗು ಹುಗಿದುಕೊಂಡರು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ 33 ತಾಸು ನಿದ್ದೆಗೆಟ್ಟು ಹಾರಿದ, ಬುತ್ತಿಗೆ ಐದು ಸ್ಯಾಂಡ್‌ವಿಚ್. (ಅಜ್ಜ: "33 ತಾಸಿಗೆ ಐದು? ಪಾಪ, ಕಟ್ಟಿ ಕೊಡೋರು ಯಾರೂ ಇರ್ಲಿಲ್ಲೇನೋ.") ಇಂಗ್ಲೆಂಡಿನವರು ವಿಮಾನದ ಜೊತೆಗೆ ವಾಯುನೌಕೆಯನ್ನೂ ನೆಚ್ಚಿಕೊಂಡಿದ್ದರು. ಆರ್101 ಎಂಬ ದೈತ್ಯ ನೌಕೆ ಇಂಡಿಯಾಕ್ಕೆ ಬರುತ್ತದೆಂದು ಕರಾಚಿಯಲ್ಲಿ ಅದು ನಿಲ್ಲಲು ಭಾರೀ ಶೆಡ್ ಕಟ್ಟಿಸಿ ಇಟ್ಟರು. 1930ರ ಅಕ್ಟೋಬರ್‌ನಲ್ಲಿ ಹೊರಟ ನೌಕೆ ಫ್ರಾನ್ಸಿನ ಬೋವೆ ಊರ ಹತ್ತಿರ ಬಿದ್ದು ಉರಿದುಹೋಯಿತು. ಒಳಗಿದ್ದ 54 ಜನರಲ್ಲಿ 48 ಮಂದಿ ಸತ್ತರು. ಕರಾಚಿಯ ಶೆಡ್ ಎಷ್ಟೋ ವರ್ಷ ಖಾಲಿ ಬಾಯಿ ತೆರೆದುಕೊಂಡು ನಿಂತಿತ್ತು.

ಅದೇ 1930ರಲ್ಲಿ ನಡೆದ ಒಂದು ಪಂದ್ಯದ ಕಥೆಯನ್ನು ಮಾಸ್ತರರು ಬಹಳ ರಸವತ್ತಾಗಿ ಹೇಳಿದರು. ಇಂಗ್ಲೆಂಡ್ ಮತ್ತು ಇಂಡಿಯಾ ನಡುವೆ ಮೊದಲು ಒಂಟಿಯಾಗಿ ಹಾರುವ ಭಾರತೀಯನಿಗೆ 500 ಪೌಂಡ್ ಬಹುಮಾನ ಎಂದು ಆಗಾಖಾನರು ಘೋಷಿಸಿದ್ದರು. ಕಣದಲ್ಲಿದ್ದವರು ಮುಖ್ಯವಾಗಿ ಮೂವರು. ಮನಮೋಹನ್ ಸಿಂಗ್ ಎಂಬುವರು (ಪ್ರಧಾನಿಯಾದವರಲ್ಲ) ತಮ್ಮ ವಿಮಾನಕ್ಕೆ "ಮಿಸ್ ಇಂಡಿಯಾ" ಎಂದು ಹೆಸರಿಟ್ಟು, ದಾರಿ ತಪ್ಪಿ ತಪ್ಪಿ, ಕೊನೆಗೆ ಗಡುವು ಮೀರಿ ತಲುಪಿದರು. 17 ವರ್ಷದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಇತ್ತ ಹೊರಟ. ಜೆ.ಆರ್.ಡಿ. ಕರಾಚಿಯಿಂದ ಅತ್ತ ಹೊರಟರು.

ಇಬ್ಬರೂ ಈಜಿಪ್ಟಿನ ಅಬೂಕಿರ್‌ನಲ್ಲಿ ಎದುರಾದರು. ಜೆ.ಆರ್.ಡಿ. ಇಳಿದು ನೋಡುತ್ತಾರೆ, ಹುಡುಗ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾನೆ. ಸ್ಪಾರ್ಕ್ ಪ್ಲಗ್ ಕೆಟ್ಟಿದೆ, ಬದಲಿ ತಂದಿಲ್ಲ. ಮಾಸ್ತರರು ಇಲ್ಲಿ ಕಥೆ ನಿಲ್ಲಿಸಿ, "ನೀ ಇದ್ದಿದ್ರ ಏನ್ ಮಾಡ್ತಿದ್ದಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತುಂಬ ಮಂಡಕ್ಕಿ ಇದ್ದ ನೆಪದಲ್ಲಿ ಸುಮ್ಮನಿದ್ದೆ. ಜೆ.ಆರ್.ಡಿ. ತಮ್ಮ ಬಳಿಯಿದ್ದ ಪ್ಲಗ್ ತೆಗೆದು ಕೊಟ್ಟರು. ಆಸ್ಪಿ ಪ್ರತಿಯಾಗಿ ತನ್ನ ಲೈಫ್ ಜಾಕೆಟ್ ಕೊಟ್ಟ. ಇವರು ಮುಂದೆ ಸಮುದ್ರ ದಾಟಬೇಕಲ್ಲ! ಇಬ್ಬರೂ ತಂತಮ್ಮ ದಿಕ್ಕಿಗೆ ಹಾರಿದರು. ಆಸ್ಪಿ ಕರಾಚಿ ಮುಟ್ಟಿದಾಗ ಜೆ.ಆರ್.ಡಿ. ಇನ್ನೂ ಪ್ಯಾರಿಸ್‌ನಲ್ಲಿದ್ದರು. ಕೆಲವೇ ತಾಸುಗಳ ಅಂತರ, ಬಹುಮಾನ ಹುಡುಗನದಾಯಿತು. ಆ ಹುಡುಗನೇ 30 ವರ್ಷದ ಮೇಲೆ ಭಾರತೀಯ ವಾಯುಪಡೆಯ ಮುಖ್ಯಸ್ಥನಾದದ್ದು.

ಅದೇ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಏಮಿ ಜಾನ್ಸನ್ ಎಂಬ ಹೆಣ್ಣುಮಗಳು ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹೊರಟು ಆರೇ ದಿನಕ್ಕೆ ಕರಾಚಿಗೆ ಬಂದಿದ್ದಳು. ಆಮೇಲೆ ಪೆಟ್ರೋಲ್ ಮುಗಿದು ಝಾನ್ಸಿಯ ಪರೇಡ್ ಮೈದಾನದಲ್ಲಿ ಇಳಿಸಿದಳು. ಇದನ್ನು ಕೇಳಿದ ಅಜ್ಜಿ ಮೊದಲ ಸಲ ಕಥೆಗೆ ಕಿವಿಗೊಟ್ಟಳು. "ಒಬ್ಬಾಕೀನಾ?" ಅಂದಳು. "ಒಬ್ಬಾಕೀನ" ಅಂದರು ಮಾಸ್ತರರು. ಅಜ್ಜಿ ಅಜ್ಜನ ಕಡೆ ಒಂದು ನೋಟ ಬೀರಿ ಮತ್ತೆ ಬಜ್ಜಿ ಕರಿಯಲು ಒಳಗೆ ಹೋದಳು. ಪ್ರತಿ ಬುಧವಾರ ಸಂತೆಗೆ ಒಬ್ಬಳೇ ಹೋಗಲು ಅಜ್ಜ ಬಿಡುತ್ತಿರಲಿಲ್ಲ.

ಮರೆತೆ, ಟಪಾಲಿನ ಕಥೆ ಹೇಳುತ್ತಿದ್ದೆ. 1929ರಿಂದ ಇಂಪೀರಿಯಲ್ ಏರ್‌ವೇಸ್ ವಿಮಾನ ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆ ಟಪಾಲು ತರುತ್ತಿತ್ತು. ಆದರೆ ಬೊಂಬಾಯಿ, ಮದ್ರಾಸಿನ ಕಾಗದಗಳು ಅಲ್ಲಿಂದ ರೈಲು ಹತ್ತಬೇಕು. ಅಷ್ಟು ದೂರ ಹಾರಿ ಬಂದ ಕಾಗದ ಕೊನೆಗೆ ಜಂಕ್ಷನ್‌ಗಳಲ್ಲಿ ಬಿದ್ದಿರಬೇಕು. ಊರೂರಲ್ಲಿ ವಿಮಾನ ತೋರಿಸಿ, ಜನರನ್ನು ಕೂರಿಸಿ ಹಾರಿಸಿ ಹೊಟ್ಟೆ ಹೊರೆಯುತ್ತಿದ್ದ ವಿನ್ಸೆಂಟ್‌ನ ತಲೆಗೆ ಇದು ಹೊಳೆಯಿತು. ಕರಾಚಿಯಿಂದ ಮುಂದಕ್ಕೆ ನಾವೇ ಒಯ್ದರೆ? ಈ ಯೋಜನೆ ಹಿಡಿದುಕೊಂಡು ಜೆ.ಆರ್.ಡಿ. ಬಳಿ ಬಂದ. ಆಗ ಟಾಟಾ ಸಂಸ್ಥೆಯ ಹಿರಿಯರು ದೊರಾಬ್ಜಿ ಟಾಟಾ. ಅವರಿಗೆ ವಿಮಾನದ ಉಮೇದು ಅಷ್ಟಕ್ಕಷ್ಟೆ. ಮೊದಲಿಗೆ ಎರಡು ಲಕ್ಷ ರೂಪಾಯಿ ಸಾಕು ಎಂದಾಗ ಒಪ್ಪಿದರು. ಸರ್ಕಾರ ಒಪ್ಪಲು ಮಾತ್ರ ಮೂರು ವರ್ಷ ಹಿಡಿಯಿತು. ಸಹಾಯಧನ ಕೊಡುವುದಿಲ್ಲ ಎಂದು ಕೂತರು. ನಿಮ್ಮ ಸಹಾಯಧನವೇ ಬೇಡ, ಹೊತ್ತ ಟಪಾಲಿಗೆ ಕೂಲಿ ಕೊಡಿ ಎಂದ ಮೇಲೆ 1932ರ ಏಪ್ರಿಲ್‌ನಲ್ಲಿ ಕರಾರು ಆಯಿತು. ದೊರಾಬ್ಜಿ ಜೂನ್‌ನಲ್ಲಿ ತೀರಿಕೊಂಡರು, ಮೊದಲ ಹಾರಾಟ ನೋಡಲಿಲ್ಲ.

ಸೆಪ್ಟೆಂಬರ್ 15ಕ್ಕೆ ಮುಹೂರ್ತ ಇತ್ತಂತೆ, ಮಳೆ ಬಿಡಲಿಲ್ಲ. ಬೊಂಬಾಯಿಯ ಜುಹು ಆಗ ಬರೀ ಕೆಸರುಗದ್ದೆ, ಸಮುದ್ರಕ್ಕಿಂತ ತಗ್ಗು. ಒಂದು ತಿಂಗಳು ಕಾದು ಅಕ್ಟೋಬರ್ 15ರ ಬೆಳಗ್ಗೆ ಆರೂವರೆ ದಾಟಿದ ಮೇಲೆ ಜೆ.ಆರ್.ಡಿ. ಕರಾಚಿಯ ಡ್ರಿಗ್ ರೋಡ್ ಬಯಲಿನಿಂದ ಮೇಲೇರಿದರು. ವಿಮಾನದ ಹೆಸರು ಪಸ್ ಮಾತ್. ಒಂದೇ ಎಂಜಿನ್, ತಾಸಿಗೆ 100 ಮೈಲಿ ಓಡಿದರೆ ಹೆಚ್ಚು. ಅವರು ತೊಟ್ಟಿದ್ದು ಬಿಳಿ ಪ್ಯಾಂಟು, ಅರೆತೋಳಿನ ಅಂಗಿ. ಲೆಕ್ಕಕ್ಕೆ ಒಂದು ಸ್ಲೈಡ್ ರೂಲ್. ಹಿಂದುಗಡೆ ಟಪಾಲು ಚೀಲ, ಸುಮಾರು 25 ಕಿಲೊ. ಅಜ್ಜನ ಗಾಡಿಯ ಒಂದು ಶೇಂಗಾ ಚೀಲಕ್ಕಿಂತ ಹಗುರ.

ನನಗೆ ಬಹಳ ಇಷ್ಟವಾಗುವುದು ಅಹಮದಾಬಾದಿನ ಭಾಗ. ಅಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಳ್ಳಬೇಕಿತ್ತು. ಬಯಲಿನ ಅಂಚಿನಿಂದ ಒಂದು ಎತ್ತಿನ ಗಾಡಿ ಬಂತು. ಅದರ ಮೇಲೆ ಬರ್ಮಾ ಶೆಲ್ ಕಂಪನಿಯ ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬಿಗಳು. ಅಂಥವೇ ಡಬ್ಬಿಗಳು ಖಾಲಿಯಾದ ಮೇಲೆ ನಮ್ಮೂರ ಮನೆಗಳಲ್ಲಿ ಮರದ ಹಿಡಿ ಹಾಕಿಸಿಕೊಂಡು ನೀರು ಸೇದುತ್ತಿದ್ದವು. ಡಬ್ಬಿ ಎತ್ತಿ ಎತ್ತಿ ರೆಕ್ಕೆಯ ಟ್ಯಾಂಕಿಗೆ ಸುರಿದರು. ಎತ್ತುಗಳಿಗೆ ಆ ಯಂತ್ರದ ಬಗ್ಗೆ ಏನನ್ನಿಸಿತೋ! "ಎತ್ತು ಇಲ್ಲದ ಇಮಾನಾನೂ ನಡೀಲಿಲ್ಲ ಅನ್ನು" ಎಂದು ಅಜ್ಜ ಗೆದ್ದವನ ಹಾಗೆ ತೊಡೆ ತಟ್ಟಿದ.

ಮಧ್ಯಾಹ್ನ ಎರಡು ಹೊಡೆಯುವ ಮೊದಲೇ ಜುಹು. ಅಲ್ಲಿದ್ದದ್ದು ತೆಂಗಿನ ಗರಿ ಹೊದಿಸಿದ ಒಂದು ಶೆಡ್. ಇಡೀ ಕಂಪನಿ ಎಂದರೆ ಒಬ್ಬ ಪೂರ್ಣಾವಧಿ ಪೈಲಟ್, ಕೈಜೋಡಿಸಲು ಜೆ.ಆರ್.ಡಿ. ಮತ್ತು ವಿನ್ಸೆಂಟ್, ಅರ್ಧ ಹೊತ್ತಿನ ಒಬ್ಬ ಎಂಜಿನಿಯರ್, ಕೆಲಸ ಕಲಿಯುತ್ತಿದ್ದ ಇಬ್ಬರು ಮೆಕ್ಯಾನಿಕ್ ಹುಡುಗರು. ಮದ್ರಾಸಿನ ಚೀಲವನ್ನು ಇನ್ನೊಂದು ಪಸ್ ಮಾತ್‌ಗೆ ಹಾಕಿದರು. ವಿನ್ಸೆಂಟ್ ಹೊರಟ. ಪಶ್ಚಿಮ ಘಟ್ಟ ದಾಟಿ, ಬಿಜಾಪುರ ಸೀಮೆಯ ಕಪ್ಪು ನೆಲದ ಮೇಲೆ, ಕೃಷ್ಣೆ ತುಂಗಭದ್ರೆ ನೋಡಿಕೊಂಡು ಬಳ್ಳಾರಿಗೆ ಬರುವುದೆಂದರೆ ಏನಿಲ್ಲವೆಂದರೂ ನಾಲ್ಕು ತಾಸು. ಅಜ್ಜ ಹೇಳಿದ ಹೊತ್ತು ಮುಳುಗುವ ಸಮಯ ಇದಕ್ಕೆ ಸರಿಹೊಂದುತ್ತದೆ.

ಜನ ಮೊದಲ ದಿನದ ಸಾಹಸವನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಆಮೇಲಿನ ಒಂದು ವರ್ಷ. ಮಳೆಗಾಲದಲ್ಲಿ ಜುಹು ಮುಳುಗಿದಾಗ ಗಂಟುಮೂಟೆ ಕಟ್ಟಿ ಪುಣೆಗೆ ಹೋಗುತ್ತಿದ್ದರು. ಘಟ್ಟದ ಮೇಲೆ ಮೋಡ ಕವಿದಿರುವಾಗ, ಕೆಳಗೆ ಏನೂ ಕಾಣದಿರುವಾಗ, ಅದೇ ಒಂದೆಂಜಿನ್ ವಿಮಾನದಲ್ಲಿ ಹಾರಿದರು. 1933ರ ಅಕ್ಟೋಬರ್‌ಗೆ ವರ್ಷ ತುಂಬಿದಾಗ ಒಂದೇ ಒಂದು ಸಲವೂ ಟಪಾಲು ತಡವಾಗಿರಲಿಲ್ಲ. ಸಮಯಪಾಲನೆ ನೂರಕ್ಕೆ ನೂರು. ಸರ್ಕಾರದ ವಿಮಾನಯಾನ ಇಲಾಖೆಯೇ ವರದಿಯಲ್ಲಿ ಇದನ್ನು ಬರೆದು, ಟಪಾಲು ಸೇವೆ ಹೇಗಿರಬೇಕು ಎಂಬುದಕ್ಕೆ ಇದೇ ಮಾದರಿ ಎಂದಿತು. ಆ ವರ್ಷ ಸುಮಾರು 1,60,000 ಮೈಲಿ ಹಾರಿದ್ದರು. ಸುಮಾರು 60,000 ರೂಪಾಯಿ ಲಾಭವೂ ಬಂತು. ಸಾಹಸ ಒಂದು ದಿನ ಯಾರಾದರೂ ಮಾಡಬಹುದು, ವಾರವಾರ ಅದೇ ಹೊತ್ತಿಗೆ ಬಂದಿಳಿಯುವುದು ಕಷ್ಟ. ನಮ್ಮೂರ ಬಸ್ಸಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಗರಿಯ ಶೆಡ್ಡಿನ ಕಂಪನಿಯೇ ಮುಂದೆ ಟಾಟಾ ಏರ್‌ಲೈನ್ಸ್ ಆಯಿತು, 1946ರಲ್ಲಿ ಏರ್ ಇಂಡಿಯಾ ಆಯಿತು. ಜೆ.ಆರ್.ಡಿ. ಅವರಿಗೆ ಭಾರತರತ್ನ ಬಂತು, ಅಂಚೆಚೀಟಿ ಬಂತು, ಪುಸ್ತಕಗಳು ಬಂದವು. ವಿನ್ಸೆಂಟ್ 1942ರ ಜನವರಿಯಲ್ಲಿ, ಯುದ್ಧದ ನಡುವೆ, ಇಂಗ್ಲೆಂಡಿನಿಂದ ಇಂಡಿಯಾಕ್ಕೆ ವಾಪಸು ಬರುತ್ತಿದ್ದ ಬಾಂಬರ್ ವಿಮಾನದಲ್ಲಿ ಫ್ರಾನ್ಸಿನ ಕರಾವಳಿಯ ಹತ್ತಿರ ತೀರಿಕೊಂಡ. ಅಜ್ಜನ ದೂರು ಸುಳ್ಳಲ್ಲ. ಬಳ್ಳಾರಿಗೆ ಟಪಾಲು ತಂದವನ ಹೆಸರು ಹೇಳುವವರು ಕಡಿಮೆ.

ಹೊಸ ಮಾರ್ಗದ ಮೊದಲ ಹಾರಾಟದಲ್ಲಿ ಬಂದ ಲಕೋಟೆಗಳಿಗಾಗಿ ಅಂಚೆಚೀಟಿ ಸಂಗ್ರಾಹಕರು ಇವತ್ತಿಗೂ ಹುಡುಕುತ್ತಾರೆ. ಬಳ್ಳಾರಿ, ಹೊಸಪೇಟೆ, ಆದೋನಿ ಕಡೆಯ ಹಳೆಯ ಹತ್ತಿ ವ್ಯಾಪಾರದ ಮನೆತನದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಕಾಗದಗಳಿದ್ದರೆ ರದ್ದಿಗೆ ಹಾಕುವ ಮೊದಲು ಲಕೋಟೆಯ ಮೇಲಿನ ಅಂಚೆ ಮುದ್ರೆ ಓದಿ. 1932ರ ಅಕ್ಟೋಬರ್ ಎಂದಿದ್ದರೆ ಚೀಟಿ ಹರಿಯಬೇಡಿ, ಲಕೋಟೆಯನ್ನು ಇಡಿಯಾಗಿ ಹಾಗೇ ಎತ್ತಿಡಿ, ಬಲ್ಲವರಿಗೆ ತೋರಿಸಿ.